ರಿಪೀಟರ್ ಕಿವುಡಾಗದಂತೆ ನೋಡಿಕೊಳ್ಳಿ
ದೇವರಾಯನದುರ್ಗದಂಥ ಎತ್ತರದಲ್ಲಿ ಹ್ಯಾಮ್ ರಿಪೀಟರ್ (ಹವ್ಯಾಸಿ ರೇಡಿಯೋದವರ ಸಿಗ್ನಲ್ ಕೇಳಿ, ಆಗಲೇ ಮರುಪ್ರಸಾರ ಮಾಡುವ ಯಂತ್ರ) ಇಟ್ಟರೆ ತುಮಕೂರಿನ ಸುತ್ತಮುತ್ತ ಚೆನ್ನಾಗಿ ಸಿಗುತ್ತದೆ, ನಿಜ. ಆದರೆ 2 ಮೀಟರ್ ಬ್ಯಾಂಡಿನಲ್ಲಿ (ಸುಮಾರು 2 ಮೀಟರ್ ಉದ್ದದ ತರಂಗಗಳ ಹ್ಯಾಮ್ ಬ್ಯಾಂಡು) ಕಳಿಸುವ, ಕೇಳುವ ಫ್ರೀಕ್ವೆನ್ಸಿಗಳ ನಡುವೆ ಸಾಮಾನ್ಯವಾಗಿ ಇರುವುದು ಬರೀ 600 ಕಿಲೋಹರ್ಟ್ಸ್ ಅಲ್ವಾ, ಹಾಗಾಗಿ ತನ್ನದೇ ಟ್ರಾನ್ಸ್‌ಮಿಟರ್ ಗದ್ದಲಕ್ಕೆ ರಿಸೀವರ್ ಕಿವುಡಾಗುತ್ತದೆ.

ಮೊದಲು ಪರೀಕ್ಷೆ ಮಾಡಿ. ಟ್ರಾನ್ಸ್‌ಮಿಟರ್ ಆಫ್ ಮಾಡಿ, ರಿಸೀವರಿಗೆ ಕಷ್ಟಪಟ್ಟು ಕೇಳಿಸುವಷ್ಟು ಸಣ್ಣ ಸಿಗ್ನಲ್ ಕೊಡಿ. ಈಗ ಟ್ರಾನ್ಸ್‌ಮಿಟರ್ ಆನ್ ಮಾಡಿ. ದನಿ ಬುಸ್ಸೆನ್ನುವ ಸದ್ದಿನಲ್ಲಿ ಮುಳುಗಿತೇ? ಆಂಟೆನಾ ಬಿಚ್ಚಿ, ಅದರ ಜಾಗದಲ್ಲಿ ಡಮ್ಮಿ ಲೋಡ್ (ಪವರನ್ನು ಹೊರಗೆ ಬಿಡದೆ ಶಾಖವಾಗಿ ನುಂಗುವ ರೆಸಿಸ್ಟರ್) ಹಾಕಿ ಮತ್ತೆ ನೋಡಿ. ಸರಿಹೋದರೆ ಡ್ಯುಪ್ಲೆಕ್ಸರನ್ನು (ಒಂದೇ ಆಂಟೆನಾದಲ್ಲಿ ಕಳಿಸುವ, ಕೇಳುವ ಸಿಗ್ನಲ್‌ಗಳನ್ನು ಬೇರ್ಪಡಿಸುವ ಫಿಲ್ಟರ್) ಬೈಯಬೇಡಿ. ಮೇಲಿನ ಕೇಬಲ್, ನೀರು ಇಳಿದ ಕನೆಕ್ಟರ್, ಟವರಿನ ತುಕ್ಕು ಹಿಡಿದ ಬೋಲ್ಟು, ಇವುಗಳನ್ನೇ ಹುಡುಕಿ.

ಸರಿಹೋಗದಿದ್ದರೆ ಡ್ಯುಪ್ಲೆಕ್ಸರ್ ಟ್ಯೂನ್ ಮಾಡಿಸಿ, ಸುಮ್ನೆ ಕಣ್ಣಂದಾಜಿನಲ್ಲಿ ಅದರ ಟ್ಯೂನಿಂಗ್ ರಾಡ್ ತಿರುಗಿಸಬೇಡಿ. ರಿಪೀಟರ್ ಪೆಟ್ಟಿಗೆಯೊಳಗಿನ ತುಂಡು ಕೇಬಲ್‌ಗಳು ಎರಡು ಪದರದ ಜಾಲರಿ ಇರುವಂಥವೇ ಆಗಿರಲಿ. ಪವರ್ ಜಾಸ್ತಿ ಮಾಡುವ ಚಪಲ ಸದ್ಯಕ್ಕೆ ಬೇಡ.