ವೆಂಟಿಲೇಟರ್ ಮೇಲಿರುವ ಮಗುವಿಗೆ ನ್ಯುಮೋನಿಯಾ ಬಾರದಂತೆ: ಮಕ್ಕಳ ಐಸಿಯುನಲ್ಲಿ ನಾವು ಮಾಡುವ ಕ್ರಮ

ಶ್ವಾಸನಾಳಕ್ಕೆ ಟ್ಯೂಬ್ ಹಾಕಿ ವೆಂಟಿಲೇಟರಿಗೆ (ಉಸಿರಾಟದ ಮಷೀನಿಗೆ) ಜೋಡಿಸಿ 48 ಗಂಟೆ ಕಳೆದ ಮೇಲೆ ಹೊಸದಾಗಿ ಶುರುವಾಗುವ ನ್ಯುಮೋನಿಯಾಕ್ಕೆ ವಿಎಪಿ (ವೆಂಟಿಲೇಟರ್ ಸಂಬಂಧಿತ ನ್ಯುಮೋನಿಯಾ) ಅನ್ನುತ್ತೇವೆ. ಮಷೀನೇ ಗಾಳಿಯ ಜೊತೆ ಸೋಂಕು ಊದುತ್ತದೆ ಎಂದು ಮನೆಯವರು ಹೆದರುತ್ತಾರೆ. ಐಸಿಯುಗೆ ಹೊಸದಾಗಿ ಬಂದ ಸಿಬ್ಬಂದಿಯೂ ಹಾಗೇ ತಿಳಿದಿರುವುದುಂಟು. ಹೆಚ್ಚಿನ ಸಲ ನಡೆಯುವುದು ಬೇರೆ. ಬಾಯಿ, ಗಂಟಲಲ್ಲಿ ನಿಂತ ಜೊಲ್ಲು, ಹೊಟ್ಟೆಯಿಂದ ಮೇಲೆ ಬಂದ ಹಾಲು, ಮಷೀನಿನಿಂದ ಬರುವ ಪೈಪುಗಳ ಸರ್ಕ್ಯೂಟಿನಲ್ಲಿ ಕಟ್ಟಿಕೊಂಡ ನೀರು, ಇವೆಲ್ಲ ಇಳಿಜಾರು ಸಿಕ್ಕ ಕಡೆಗೆ ಹರಿದು ಶ್ವಾಸಕೋಶ ಸೇರುತ್ತವೆ. ಹಾಗಾಗಿ ನಮ್ಮ ಕೆಲಸದ ಬಹುಪಾಲು ಇಳಿಜಾರು ಯಾವ ಕಡೆಗಿದೆ ಎಂದು ನೋಡಿಕೊಳ್ಳುವುದೇ.

ಮೊದಲು ಹಾಸಿಗೆ. ತಲೆಯ ಕಡೆ 30ರಿಂದ 45 ಡಿಗ್ರಿ ಎತ್ತರ ಬೇಕು, ನವಜಾತ ಶಿಶುಗಳಿಗಾದರೆ 15ರಿಂದ 30 ಸಾಕು. ಕಣ್ಣಂದಾಜು ಇಲ್ಲಿ ನಡೆಯುವುದಿಲ್ಲ. 30 ಇದೆ ಎಂದುಕೊಂಡ ಹಾಸಿಗೆಯನ್ನು ಅಳೆದರೆ ಸಾಮಾನ್ಯವಾಗಿ ಕಡಿಮೆಯೇ ಇರುತ್ತದೆ. ಕೋನ ತೋರಿಸುವ ಮಂಚವಿಲ್ಲದಿದ್ದರೆ ಟೇಪು ಸಾಕು: ಮೇಲೇಳುವ ಭಾಗ ಎಷ್ಟು ಉದ್ದವಿದೆಯೋ ಅದರ ಅರ್ಧದಷ್ಟು ಎತ್ತರಕ್ಕೆ ತುದಿ ಬಂದರೆ 30 ಡಿಗ್ರಿ. 60 ಸೆಂ.ಮೀ. ಉದ್ದಕ್ಕೆ 30 ಸೆಂ.ಮೀ. ಎತ್ತರ. ಆ ಮಟ್ಟದಲ್ಲಿ ಗೋಡೆಗೆ ಒಂದು ಬಣ್ಣದ ಪಟ್ಟಿ ಅಂಟಿಸಿಬಿಟ್ಟರೆ ರಾತ್ರಿ ಪಾಳಿಯವರೂ ದೂರದಿಂದಲೇ ನೋಡಬಹುದು.

ದಿಂಬು ಮಾತ್ರ ಇಟ್ಟು ತಲೆ ಎತ್ತಿಸಬಾರದು. ಕತ್ತು ಮಡಚಿ ಗಲ್ಲ ಎದೆಗೆ ಬಂದರೆ ಟ್ಯೂಬ್ ಒಳಕ್ಕೆ ಜಾರುತ್ತದೆ, ಕತ್ತು ಹಿಂದಕ್ಕೆ ವಾಲಿದರೆ ಹೊರಕ್ಕೆ ಬರುತ್ತದೆ. ಎತ್ತಬೇಕಾದ್ದು ಇಡೀ ಬೆನ್ನನ್ನು. ಎತ್ತಿಟ್ಟ ಮಗು ಗಂಟೆಯೊಳಗೆ ಕೆಳಕ್ಕೆ ಜಾರಿ ಹಾಸಿಗೆಯ ಮಡಿಕೆಯಲ್ಲಿ ಮುದುಡಿ ಕೂರುತ್ತದೆ. ಪೃಷ್ಠದ ಕೆಳಗೆ ಟವೆಲ್ ಸುರುಳಿ ಕೊಟ್ಟರೆ ಇದು ತಪ್ಪುತ್ತದೆ. ಶಾಕ್‌ನಲ್ಲಿರುವ (ರಕ್ತ ಸಂಚಾರ ಕುಸಿದ) ಮಗು, ಬೆನ್ನುಮೂಳೆಗೆ ಪೆಟ್ಟಾದ ಮಗು ಇದಕ್ಕೆ ಹೊರತು. ಅಂಥ ಕಡೆ ಕಾರಣವನ್ನು ಚಾರ್ಟಿನಲ್ಲಿ ಬರೆಯುತ್ತೇವೆ.

ಇನ್ನು ಟ್ಯೂಬಿನ ಕಫ್, ಅಂದರೆ ಟ್ಯೂಬಿನ ಒಳತುದಿಯ ಸುತ್ತ ಗಾಳಿ ತುಂಬಿ ಸಂದು ಮುಚ್ಚುವ ಬಲೂನು. ಈ ಹೆಸರು ಕನ್ನಡದಲ್ಲಿ ಕಫದ ಜೊತೆ ಕಲಸಿಹೋಗಿ ಫೋನಿನಲ್ಲಿ ಭಾರೀ ಗೊಂದಲವಾಗುತ್ತದೆ, ಬಲೂನು ಅನ್ನುವುದೇ ವಾಸಿ. ಎರಡು ವರ್ಷ ದಾಟಿದ ಮಕ್ಕಳಿಗೆ ಬಲೂನಿರುವ ಟ್ಯೂಬಿನ ಅಳತೆ (ಒಳವ್ಯಾಸ, ಮಿ.ಮೀ.ನಲ್ಲಿ) ವಯಸ್ಸನ್ನು 4ರಿಂದ ಭಾಗಿಸಿ 3.5 ಕೂಡಿಸಿದಷ್ಟು. ನಾಲ್ಕು ವರ್ಷದ ಮಗುವಿಗೆ 4.5. ತುಟಿಯ ಹತ್ತಿರದ ಗುರುತು ಸುಮಾರು ಅದರ ಮೂರು ಪಟ್ಟು, ಅಂದರೆ 13.5 ಸೆಂ.ಮೀ. ಇದು ಅಂದಾಜು ಮಾತ್ರ, ಎಕ್ಸ್‌ರೇ ನೋಡಿಯೇ ಖಚಿತ ಮಾಡಿಕೊಳ್ಳಬೇಕು.

ಬಲೂನಿನ ಒತ್ತಡ 20 ಸೆಂ.ಮೀ. ನೀರಿನ ಮಟ್ಟದ ಆಸುಪಾಸು ಇರಬೇಕು, 25 ದಾಟಬಾರದು. ಕಡಿಮೆಯಾದರೆ ಜೊಲ್ಲು ಪಕ್ಕದಿಂದ ಇಳಿಯುತ್ತದೆ. ಹೆಚ್ಚಾದರೆ ಶ್ವಾಸನಾಳದ ಒಳಪದರಕ್ಕೆ ರಕ್ತ ಹರಿಯದೆ ಹುಣ್ಣಾಗಿ, ಮುಂದೆ ನಾಳವೇ ಕಿರಿದಾಗಬಹುದು. ಹೊರಗೆ ಜೋತಿರುವ ಪುಟ್ಟ ಪೈಲಟ್ ಬಲೂನನ್ನು ಬೆರಳಲ್ಲಿ ಹಿಚುಕಿ "ಸರಿಯಿದೆ" ಅನ್ನುವುದು ಅಳತೆಯಲ್ಲ. ಮನೋಮೀಟರ್ (ಒತ್ತಡ ಅಳೆಯುವ ಮೀಟರ್) ಹಿಡಿದವರೂ ಒಂದು ಕಡೆ ಎಡವುತ್ತಾರೆ. ಅದನ್ನು ಸಿಕ್ಕಿಸುವಾಗಲೇ ಬಲೂನಿನ ಗಾಳಿ ಸ್ವಲ್ಪ ಮೀಟರಿನ ನಳಿಗೆಗೆ ಹೋಗುತ್ತದೆ. ಚಿಕ್ಕ ಟ್ಯೂಬಿನ ಬಲೂನಿನಲ್ಲಿ ಇರುವುದೇ ಚೂರು ಗಾಳಿ, ಹಾಗಾಗಿ ನಷ್ಟವೂ ಹೆಚ್ಚು. ಓದಿ, ಬರೆದು, ಹಾಗೇ ಕಳಚಿದರೆ ಅಳೆದದ್ದೇ ಸೋರಿಕೆಗೆ ಕಾರಣವಾಗುತ್ತದೆ. ಪ್ರತಿ ಸಲ 20ಕ್ಕೆ ತಂದೇ ಕಳಚಬೇಕು. ಪಾಳಿಗೊಮ್ಮೆ, ಮತ್ತೆ ಮಗುವಿನ ಭಂಗಿ ಬದಲಿಸಿದಾಗಲೆಲ್ಲ ಅಳೆಯುತ್ತೇವೆ. ಗಾಳಿ ತೆಗೆಯುವ ಸಂದರ್ಭ ಬಂದರೆ ಮೊದಲು ಬಾಯಿ, ಗಂಟಲು ಸಕ್ಷನ್ ಆಗಿರಬೇಕು, ಅಂದರೆ ಅಲ್ಲಿ ನಿಂತದ್ದನ್ನು ಹೀರಿ ತೆಗೆದಿರಬೇಕು. ಇಲ್ಲದಿದ್ದರೆ ಬಲೂನಿನ ಮೇಲೆ ನಿಂತದ್ದೆಲ್ಲ ಒಂದೇ ಸಲಕ್ಕೆ ಕೆಳಗೆ.

ಸರ್ಕ್ಯೂಟಿನ ನೀರಿನದೂ ಇದೇ ಕಥೆ. ಗಾಳಿಗೆ ತೇವ ಕೊಡುವ ಹ್ಯೂಮಿಡಿಫೈಯರಿನ ಬಿಸಿ, ತೇವದ ಗಾಳಿ ತಣ್ಣಗಾದಲ್ಲಿ ನೀರು ಕಟ್ಟುತ್ತದೆ. ಎಸಿಯ ಗಾಳಿ ನೇರ ಪೈಪಿಗೆ ಹೊಡೆಯುವ ಹಾಸಿಗೆಯಲ್ಲಿ ಇನ್ನೂ ಹೆಚ್ಚು. ಆ ಎಸಿಯ ರೆಕ್ಕೆ ತಿರುಗಿಸುವುದೂ ಸೋಂಕು ತಡೆಯುವ ಕೆಲಸವೇ. ನೀರು ಹಿಡಿಯುವ ವಾಟರ್ ಟ್ರ್ಯಾಪ್ ಪೈಪಿನ ಅತ್ಯಂತ ತಗ್ಗಿನ ಜಾಗದಲ್ಲಿರಬೇಕು, ಪೈಪು ಮಗುವಿನ ಬಾಯಿಗಿಂತ ಕೆಳಗೆ ಜೋತಿರಬೇಕು. ಮಗುವನ್ನು ಮಗ್ಗುಲು ತಿರುಗಿಸುವ ಮೊದಲು ನೀರನ್ನು ಮಗುವಿನಿಂದ ಆಚೆಗೆ ಹರಿಸಿ ಖಾಲಿ ಮಾಡಬೇಕು. ತಿರುಗಿಸಿದ ಮೇಲೆ ನೆನಪಾದರೆ ಅಷ್ಟರಲ್ಲಿ ಆಗಬೇಕಾದ್ದು ಆಗಿರುತ್ತದೆ. ಆ ನೀರನ್ನು ಹ್ಯೂಮಿಡಿಫೈಯರಿಗೆ ವಾಪಸ್ ಬಿಡುವಂತಿಲ್ಲ. ಅದರ ಚೇಂಬರಿಗೆ ಸ್ಟೆರೈಲ್ (ಸೂಕ್ಷ್ಮಜೀವಿಯಿಲ್ಲದ) ನೀರು ಮಾತ್ರ, ಆರ್‌ಓ ನೀರು ಸ್ಟೆರೈಲ್ ಅಲ್ಲ. ವಾರಕ್ಕೊಮ್ಮೆ ಸರ್ಕ್ಯೂಟ್ ಬದಲಿಸುವ ಹಳೆಯ ರೂಢಿಯನ್ನು ಬಿಟ್ಟಿದ್ದೇವೆ. ಕೊಳೆ ಕಂಡರೆ, ಕೆಟ್ಟರೆ ಮಾತ್ರ ಬದಲು. ಬಿಚ್ಚಿದಷ್ಟೂ ಸೋಂಕಿಗೆ ದಾರಿ.

ಸಕ್ಷನ್ ಗಡಿಯಾರ ನೋಡಿ ಮಾಡುವುದಲ್ಲ. ಗೊರಗೊರ ಸದ್ದು, ಸ್ಕ್ರೀನಿನ ಫ್ಲೋ ಅಲೆಯಲ್ಲಿ ಗರಗಸದ ಹಲ್ಲು, ಆಮ್ಲಜನಕ ಇಳಿತ, ಇವು ಕಂಡಾಗ. ಟ್ಯೂಬ್ 4.0 ಇದ್ದರೆ ಕ್ಯಾತೆಟರ್ (ಹೀರುವ ಸಣ್ಣ ನಳಿಗೆ) 8 ಫ್ರೆಂಚ್ (ನಳಿಗೆಯ ದಪ್ಪದ ಅಳತೆ), 5.0ಕ್ಕೆ 10, ಅಂದರೆ ಎರಡರಿಂದ ಗುಣಿಸಿದರಾಯಿತು. ಒತ್ತಡ 80ರಿಂದ 120 ಎಂಎಂ ಮರ್ಕ್ಯುರಿಯೊಳಗೆ, ಒಂದು ಸಲಕ್ಕೆ 10 ಸೆಕೆಂಡ್. ಟ್ಯೂಬಿನ ತುದಿಯವರೆಗೆ ಅಳೆದು ಅಷ್ಟೇ ಇಳಿಸಬೇಕು, ತಡೆ ಸಿಗುವವರೆಗೆ ತಳ್ಳಿದರೆ ಒಳಪದರ ಗಾಯವಾಗುತ್ತದೆ. ಪ್ರತಿ ಸಲ ಸಲೈನ್ ಬಿಡುವ ಅಭ್ಯಾಸವೂ ಬೇಡ, ಅದು ಟ್ಯೂಬಿನ ಒಳಮೈಗೆ ಅಂಟಿದ್ದನ್ನು ಕೆಳಕ್ಕೆ ತೊಳೆದು ಕಳಿಸಬಹುದು. ಬಾಯಿಗೆ ಹಾಕಿದ ಕ್ಯಾತೆಟರ್ ಟ್ಯೂಬಿಗೆ ಹೋಗಬಾರದು. ಎರಡು ಹಾಸಿಗೆಗೆ ಒಂದೇ ಸಲೈನ್ ಬಾಟಲಿ ಇಟ್ಟು ಕ್ಯಾತೆಟರ್ ತೊಳೆಯುವುದು ಐಸಿಯು ಸೋಂಕಿನ ಬ್ಯಾಕ್ಟೀರಿಯಾಗಳಾದ ಅಸಿನೆಟೊಬ್ಯಾಕ್ಟರ್, ಸ್ಯೂಡೋಮೊನಾಸ್‌ಗಳಿಗೆ ಒಂದು ಮಗುವಿನಿಂದ ಇನ್ನೊಂದಕ್ಕೆ ಸೇತುವೆ ಕಟ್ಟಿಕೊಟ್ಟಂತೆ. ಹಾಸಿಗೆಗೊಂದು ಚಿಕ್ಕ ಬಾಟಲಿ, ಅದರ ಮೇಲೆ ತೆರೆದ ಸಮಯ ಬರೆದಿರಬೇಕು, 24 ಗಂಟೆಗೆ ಚೆಲ್ಲು. ಕೈಯಿಂದ ಒತ್ತಿ ಉಸಿರು ಕೊಡುವ ಅಂಬು ಬ್ಯಾಗ್ ಹಾಸಿಗೆಯ ಮೇಲಲ್ಲ, ಮುಚ್ಚಿ ಕೊಕ್ಕೆಗೆ. ಗ್ಲೌಸು ಹಾಕಿದ ಕೈ ಶುದ್ಧ ಎಂಬ ಭ್ರಮೆಯಿಂದ ಆಗುವ ಹಾನಿ ಕಡಿಮೆಯಲ್ಲ. ಆ ಕೈಯೇ ಮಂಚದ ಕಂಬಿ, ಮಾನಿಟರ್ ಗುಂಡಿ, ಮೊಬೈಲ್ ಮುಟ್ಟಿ ಬಂದಿರುತ್ತದೆ. ಗ್ಲೌಸಿಗೆ ಮೊದಲೂ ಆಮೇಲೂ 20ರಿಂದ 30 ಸೆಕೆಂಡ್ ಹ್ಯಾಂಡ್‌ರಬ್.

ಬಾಯಿಗೆ ಹಲ್ಲಿದ್ದರೆ ಮೆತ್ತನೆಯ ಬ್ರಷ್, ಇಲ್ಲದಿದ್ದರೆ ಒದ್ದೆ ಗಾಜ್‌ನಿಂದ ವಸಡು ಒರೆಸುವುದು. ಕ್ಲೋರ್‌ಹೆಕ್ಸಿಡಿನ್ (ಸೂಕ್ಷ್ಮಜೀವಿ ಕೊಲ್ಲುವ ದ್ರಾವಣ) ಕೈಬಿಟ್ಟಿದ್ದೇವೆ. ಮಕ್ಕಳಲ್ಲಿ ನಡೆದ ಪ್ರಯೋಗಗಳಲ್ಲಿ ಸ್ಪಷ್ಟ ಲಾಭ ಕಂಡಿಲ್ಲ, 2022ರ ಅಮೆರಿಕದ ಮಾರ್ಗಸೂಚಿ ದೊಡ್ಡವರಿಗೂ ಅದು ಬೇಡ ಎಂದಿದೆ. ಹೊಟ್ಟೆಗೆ ಇಳಿಸಿದ ರೈಲ್ಸ್ ಟ್ಯೂಬಿನಲ್ಲಿ ಹಾಲು ಕೊಡುವುದನ್ನು ನಿಲ್ಲಿಸುವುದಿಲ್ಲ, ಹೊಟ್ಟೆ ಉಬ್ಬದಂತೆ ನೋಡಿಕೊಳ್ಳುತ್ತೇವೆ. ಎಕ್ಸ್‌ರೇಗೋ ರಕ್ತನಾಳಕ್ಕೆ ಲೈನ್ ಹಾಕಲೋ ಮಲಗಿಸುವುದಿದ್ದರೆ ಅಷ್ಟು ಹೊತ್ತು ಹಾಲು ಬಂದ್. ಆಸಿಡ್ ಇಳಿಸುವ ಔಷಧಿ ಎಲ್ಲ ಮಕ್ಕಳಿಗೂ ಬರೆಯುವುದಿಲ್ಲ, ಹೊಟ್ಟೆಯ ಆಮ್ಲ ಸ್ವತಃ ಒಂದು ಕಾವಲು.

ಇಷ್ಟೆಲ್ಲ ಮಾಡಿದರೂ ಟ್ಯೂಬ್ ಒಳಗಿದ್ದಷ್ಟು ದಿನ ಅಪಾಯ ಇದ್ದೇ ಇದೆ. ದಿನಾ ಬೆಳಿಗ್ಗೆ ರೌಂಡ್ಸ್‌ನ ಮೊದಲ ಪ್ರಶ್ನೆ "ಇವತ್ತು ತೆಗೆಯಬಹುದೇ?" ಅನ್ನುವುದೇ. ಮತ್ತಿನ ಔಷಧಿಯನ್ನು ಅಳತೆ ಪಟ್ಟಿ ನೋಡಿ ಇಳಿಸಿ, ಪ್ರೆಷರ್ ಸಪೋರ್ಟ್ (ಮಗುವಿನ ಉಸಿರಿಗೆ ಮಷೀನು ಕೊಡುವ ಆಸರೆ) ಕಡಿಮೆ ಮಾಡಿ ಅರ್ಧ ಗಂಟೆಯಿಂದ ಎರಡು ಗಂಟೆ ತಾನೇ ಉಸಿರಾಡಲು ಬಿಟ್ಟು ನೋಡುತ್ತೇವೆ. ತನ್ನಷ್ಟಕ್ಕೆ ಕಿತ್ತುಬಂದು ಮತ್ತೆ ಹಾಕಿದ ಟ್ಯೂಬ್ ಅಪಾಯ ಹೆಚ್ಚಿಸುತ್ತದೆ. ಅದಕ್ಕೇ ಜೊಲ್ಲಿಗೆ ನೆಂದ ಪ್ಲಾಸ್ಟರನ್ನು ಕೂಡಲೇ ಬದಲಿಸುವುದು, ಮಗುವನ್ನು ಎತ್ತುವಾಗ ಒಬ್ಬರು ಟ್ಯೂಬ್ ಮಾತ್ರ ಹಿಡಿಯುವುದು.

ಲೆಕ್ಕ ಇಡುವುದು ಸಾವಿರ ವೆಂಟಿಲೇಟರ್ ದಿನಕ್ಕೆ (ಒಂದು ಮಗು ಒಂದು ದಿನ ವೆಂಟಿಲೇಟರ್ ಮೇಲಿದ್ದರೆ ಒಂದು ದಿನ) ಎಷ್ಟು ಎಂದು. 250 ದಿನದಲ್ಲಿ 3 ಮಕ್ಕಳಿಗೆ ಬಂದರೆ 12. ಚಿಕ್ಕ ಐಸಿಯುನಲ್ಲಿ ತಿಂಗಳಿಗೆ 50 ದಿನವಷ್ಟೇ ಆಗಿ ಒಂದು ಮಗುವಿಗೆ ಬಂದರೂ 20 ಆಗಿಬಿಡುತ್ತದೆ, ಮುಂದಿನ ತಿಂಗಳು ಸೊನ್ನೆ. ಈ ಏರಿಳಿತ ನೋಡಿ ಹಿಗ್ಗುವುದೂ ಕುಗ್ಗುವುದೂ ವ್ಯರ್ಥ. ಅದರ ಬದಲು ಹಾಸಿಗೆ, ಬಲೂನು, ನೀರು, ಬಾಯಿ, "ಇವತ್ತು ತೆಗೆಯಬಹುದೇ", ಈ ಐದೂ ಆಗಿದ್ದರೆ ಮಾತ್ರ ಒಂದು ಅಂಕ, ನಾಲ್ಕಾದರೆ ಸೊನ್ನೆ. ತಮ್ಮ ಹಾಸಿಗೆಯ ಪಟ್ಟಿಯನ್ನು ತಾವೇ ತುಂಬಿದರೆ ಎಲ್ಲ ಕಡೆ ಟಿಕ್ ಬೀಳುತ್ತದೆ. ಪಕ್ಕದ ಹಾಸಿಗೆಯ ಸಿಸ್ಟರ್ ಬಂದು, ಟೇಪು ಮನೋಮೀಟರ್ ಹಿಡಿದು, ನಡುರಾತ್ರಿ ಮೂರಕ್ಕೂ ಒಮ್ಮೆ ಅಳೆದು ತುಂಬುತ್ತಾರೆ.