ಫೋಟೊಗ್ರಫಿಯಲ್ಲಿ ಮನೆ ನಡೆಯಲು ವರ್ಷಕ್ಕೆ ಎಷ್ಟು ಉಳಿಯಬೇಕು: ಮಂಗಳೂರು, ಉಡುಪಿಯ ನನ್ನ ಲೆಕ್ಕ

ಮದುವೆ ಫೋಟೊಗ್ರಫಿಗೆ ಇಳಿಯುವ ಹುಡುಗರು ಮೊದಲು ಕೇಳುವುದೇ ‘ಒಂದು ಮದುವೆಗೆ ಎಷ್ಟು ಸಿಗುತ್ತದೆ’ ಎಂದು. ಅದು ಗೊತ್ತಾದರೂ ಮನೆ ನಡೆಯುತ್ತದೋ ಇಲ್ಲವೋ ತಿಳಿಯುವುದಿಲ್ಲ. ನಾನು ಲೆಕ್ಕವನ್ನು ಇನ್ನೊಂದು ತುದಿಯಿಂದ ಶುರು ಮಾಡುತ್ತೇನೆ. ಮನೆಗೆ ಎಷ್ಟು ಬೇಕು, ಅದಕ್ಕೆ ಎಷ್ಟು ಮದುವೆ ಬೇಕು, ಆಮೇಲೆ ರೇಟು.

ಮಂಗಳೂರು, ಉಡುಪಿ ಕಡೆ ಸ್ವಂತ ಮನೆಯಿದ್ದು ಇಬ್ಬರು ಮಕ್ಕಳು ಶಾಲೆಗೆ ಹೋಗುವ ಸಂಸಾರಕ್ಕೆ ತಿಂಗಳಿಗೆ 45,000 ರೂಪಾಯಿ ಇಟ್ಟುಕೊಳ್ಳಿ. ವರ್ಷಕ್ಕೆ 5.4 ಲಕ್ಷ. ಸ್ಟುಡಿಯೊ ಕೋಣೆಯ ಬಾಡಿಗೆ, ಕರೆಂಟು, ಇಂಟರ್ನೆಟ್, ಎಡಿಟಿಂಗ್ ಸಾಫ್ಟ್‌ವೇರ್, ಗಾಡಿ ಖರ್ಚು, ಕ್ಯಾಮೆರಾ ವಿಮೆ ಎಲ್ಲ ಸೇರಿ 1.5 ಲಕ್ಷ. ಎರಡು ಕ್ಯಾಮೆರಾ ಬಾಡಿ, ಮೂರು ಲೆನ್ಸ್, ಫ್ಲ್ಯಾಷ್, ಲೈಟು, ಕಂಪ್ಯೂಟರ್, ಹಾರ್ಡ್ ಡಿಸ್ಕ್ ಒಟ್ಟು 8 ಲಕ್ಷದ ಸಾಮಾನು ಎಂದರೆ, ಐದು ವರ್ಷಕ್ಕೆ ಹಂಚಿದಾಗ ವರ್ಷಕ್ಕೆ 1.6 ಲಕ್ಷ ಬದಿಗಿಡಬೇಕು. ಆರೋಗ್ಯ ವಿಮೆ, ಉಳಿತಾಯ, ತೆರಿಗೆಗೆ ಇನ್ನೊಂದು ಲಕ್ಷ. ಅಲ್ಲಿಗೆ 9.5 ಲಕ್ಷ. ಇದರ ಕೆಳಗೆ ಬಂದರೆ ಅದನ್ನು ಒಳ್ಳೆಯ ಸಂಪಾದನೆ ಎಂದು ನಾನು ಕರೆಯುವುದಿಲ್ಲ, ಯಾಕೆಂದರೆ ಕಡಿಮೆ ಬಿದ್ದದ್ದು ಸಾಮಾನಿನ ದುಡ್ಡಿನಿಂದಲೇ ಹೋಗಿರುತ್ತದೆ, ನಾಲ್ಕನೇ ವರ್ಷ ಕ್ಯಾಮೆರಾ ಕೈಕೊಟ್ಟಾಗ ಸಾಲವೇ ಗತಿ.

ಈಗ ಒಂದು ಮದುವೆಯನ್ನು ಬಿಡಿಸಿ ನೋಡೋಣ. ಮೆಹಂದಿ ರಾತ್ರಿ, ಮರುದಿನ ಮದುವೆ. ಪಾರ್ಟಿಯ, ಅಂದರೆ ಮದುವೆ ಮನೆಯವರ, ಹತ್ತಿರ 90,000ಕ್ಕೆ ಮಾತಾಗಿದೆ. ಎರಡನೇ ಫೋಟೊಗ್ರಾಫರ್‌ಗೆ 14,000, ವಿಡಿಯೊದವರಿಗೆ 12,000, ಲೈಟ್ ಹಿಡಿಯುವ ಹುಡುಗನಿಗೆ 2,500. 12x36 ಇಂಚು ಅಳತೆಯ ಆಲ್ಬಮ್‌ನ ಡಿಸೈನ್, ಪ್ರಿಂಟ್, ಪೆಟ್ಟಿಗೆ 15,000. ವಿಡಿಯೊ ಎಡಿಟಿಂಗ್ 9,000. ಪೆಟ್ರೋಲು, ಪೆನ್‌ಡ್ರೈವ್, ಇತರೆ 2,500. ಒಟ್ಟು 55,000 ಹೊರಗೆ ಹೋಯಿತು. ಕೈಯಲ್ಲಿ ಉಳಿದದ್ದು 35,000. ಇದು ಎರಡು ದಿನದ ಸಂಪಾದನೆ ಎಂದುಕೊಳ್ಳಬೇಡಿ. ಮೂರ್ನಾಲ್ಕು ಸಾವಿರ ಫೋಟೊದಿಂದ ಆರಿಸಿ, ಬಣ್ಣ ಸರಿಮಾಡಿ ಕೊಡುವಾಗ ಕಂಪ್ಯೂಟರ್ ಮುಂದೆ ಇನ್ನೂ ಮೂರು ನಾಲ್ಕು ದಿನ ಹೋಗುತ್ತದೆ.

9.5 ಲಕ್ಷವನ್ನು 35,000ದಿಂದ ಭಾಗಿಸಿದರೆ 27 ಮದುವೆ. ಬಾಡಿಗೆ ಮನೆಯಾಗಿ ತಿಂಗಳಿಗೆ 12,000 ಹೆಚ್ಚು ಬೇಕಾದರೆ ಮತ್ತೆ ನಾಲ್ಕು ಮದುವೆ ಸೇರಿಸಿ. ಚೌಕಾಸಿಯಲ್ಲಿ ನಿಜವಾಗಿ ಏನು ಹೋಗುತ್ತದೆ ಎಂಬುದೂ ಇಲ್ಲೇ ಗೊತ್ತಾಗುತ್ತದೆ. ‘ಹತ್ತು ಸಾವಿರ ಬಿಡಿ ಮಾರಾಯ್ರೆ’ ಎಂದಾಗ ಬಿಟ್ಟರೆ ಹುಡುಗರ ಸಂಬಳವೂ ಆಲ್ಬಮ್ ಪ್ರಿಂಟ್ ಮಾಡುವ ಲ್ಯಾಬ್‌ನ ಬಿಲ್ಲೂ ಕಡಿಮೆಯಾಗುವುದಿಲ್ಲ, ನಿಮ್ಮ 35,000 ಮಾತ್ರ 25,000 ಆಗುತ್ತದೆ. ಆಗ ಅದೇ ಮನೆಗೆ 38 ಮದುವೆ ಬೇಕು. 5,000 ಹೆಚ್ಚು ಕೇಳಿ ಪಡೆದರೆ 24 ಸಾಕು. ಹಾಗಾಗಿ ರೇಟು ಇಳಿಸಬೇಕಾದಲ್ಲಿ ನಾನು ಕೆಲಸವನ್ನೂ ಇಳಿಸುತ್ತೇನೆ: ಆಲ್ಬಮ್‌ನ ಹತ್ತು ಶೀಟು ಕಡಿಮೆ, ಅಥವಾ ಮೆಹಂದಿಗೆ ಒಬ್ಬನೇ ಫೋಟೊಗ್ರಾಫರ್. ಬರಿಗೈಯಲ್ಲಿ ದುಡ್ಡು ಬಿಡುವುದಿಲ್ಲ.

27 ಮದುವೆ ಎಲ್ಲಿಂದ? ಇಲ್ಲಿ ನಮ್ಮ ಕರಾವಳಿಯ ಕ್ಯಾಲೆಂಡರ್ ಗೊತ್ತಿರಬೇಕು. ಆಷಾಢ, ತುಳುವರ ಆಟಿ ತಿಂಗಳು, ಪಿತೃಪಕ್ಷ, ಡಿಸೆಂಬರ್ ನಡುವಿನಿಂದ ಮಕರ ಸಂಕ್ರಾಂತಿಯವರೆಗಿನ ಧನುರ್ಮಾಸ, ಇವಿಷ್ಟೂ ಹಿಂದೂ ಮದುವೆಗಳಿಗೆ ಖಾಲಿ. ಉಳಿದ ತಿಂಗಳಲ್ಲೂ ಒಳ್ಳೆಯ ಮುಹೂರ್ತದ ದಿನ ಮೂರು ಕಡೆಯಿಂದ ಕರೆ ಬರುತ್ತದೆ, ಮರುದಿನ ಒಂದೂ ಇಲ್ಲ. ಕಥೋಲಿಕರಲ್ಲಿ ಆಗಮನ ಕಾಲ (ಕ್ರಿಸ್ಮಸ್‌ಗೆ ಮೊದಲಿನ ವಾರಗಳು) ಮತ್ತು ತಪಸ್ಸು ಕಾಲದಲ್ಲಿ (ಈಸ್ಟರ್‌ಗೆ ಮೊದಲಿನ ವಾರಗಳು) ಮದುವೆ ಇಡುವುದು ಅಪರೂಪ, ಆದರೆ ಕ್ರಿಸ್ಮಸ್ ಕಳೆದ ಕೂಡಲೇ, ಗಲ್ಫ್‌ನಿಂದ ರಜೆಗೆ ಬಂದವರು ಊರಲ್ಲಿರುವಾಗಲೇ, ರೋಸ್ (ಮದುವೆಯ ಮುಂಚೆ ತೆಂಗಿನ ಹಾಲು ಹಚ್ಚುವ ಶಾಸ್ತ್ರ) ಮತ್ತು ಮದುವೆ ಸಾಲಾಗಿ ಬರುತ್ತವೆ. ಸರಿಯಾಗಿ ಧನುರ್ಮಾಸದ ಖಾಲಿ ಜಾಗಕ್ಕೆ! ಕರಾವಳಿಯ ಮುಸ್ಲಿಮರಾದ ಬ್ಯಾರಿಗಳಲ್ಲಿ ರಮ್ಜಾನ್ ತಿಂಗಳು ಬಿಟ್ಟು ಉಳಿದ ಸಮಯದಲ್ಲಿ, ಮಳೆಗಾಲದಲ್ಲೂ, ಹಾಲ್‌ನೊಳಗೆ ಮದುವೆ ನಡೆಯುತ್ತದೆ. ಹೆಂಗಸರ ಕಡೆಗೆ ಮಹಿಳಾ ಫೋಟೊಗ್ರಾಫರೇ ಆಗಬೇಕು ಎನ್ನುವ ಮನೆಗಳು ಬಹಳ, ತಂಡದಲ್ಲಿ ಒಬ್ಬರು ಇದ್ದರೆ ಆ ಆರ್ಡರ್ ನಿಮ್ಮದು. ಒಂದೇ ಸಮುದಾಯದ ಮದುವೆ ನಂಬಿ ಕೂತವನಿಗೆ 27 ತುಂಬುವುದು ಕಷ್ಟ.

ಮಳೆಗಾಲದ ಮೂರ್ನಾಲ್ಕು ತಿಂಗಳಿಗೆ ನನ್ನ ಉಪಾಯ ಎರಡು ಬ್ಯಾಂಕ್ ಖಾತೆ. ಬಂದದ್ದೆಲ್ಲ ಕೆಲಸದ ಖಾತೆಗೆ. ಪ್ರತಿ ತಿಂಗಳು 1ನೇ ತಾರೀಕು ಅದರಿಂದ ಮನೆ ಖಾತೆಗೆ 45,000 ಮಾತ್ರ, ಮೇ ತಿಂಗಳಿನಲ್ಲಿ ನಾಲ್ಕು ಲಕ್ಷ ಇದ್ದರೂ ಅಷ್ಟೇ. ಜುಲೈಯಲ್ಲಿ ಹೋಟೆಲ್‌ನ ತಿಂಡಿ, ಚಿನ್ನದ ಅಂಗಡಿಯ ಆಭರಣ, ಶಾಲೆಯ ಗ್ರೂಪ್ ಫೋಟೊ ಸಿಕ್ಕರೆ ಅದು ಮೇಲಾದಾಯ. ಅದನ್ನು 9.5 ಲಕ್ಷದ ಲೆಕ್ಕಕ್ಕೆ ಮೊದಲೇ ಸೇರಿಸಬಾರದು.

ಸಾಮಾನಿನ 1.6 ಲಕ್ಷ ಜಾಸ್ತಿಯಾಯಿತು ಎನ್ನುವವರಿಗೆ ಶಟರ್, ಅಂದರೆ ಪ್ರತಿ ಕ್ಲಿಕ್‌ಗೆ ತೆರೆದು ಮುಚ್ಚುವ ಪರದೆಯ, ಲೆಕ್ಕ ಹೇಳುತ್ತೇನೆ. ಮದುವೆಗೆ 4,000 ಕ್ಲಿಕ್ ಎಂದರೆ 27 ಮದುವೆಗೆ 1,08,000. ನಿಕಾನ್ ಡಿ850, ಸೋನಿ ಎ7 III ಮುಂತಾದ ಬಾಡಿಗಳ ಶಟರ್‌ಗೆ ಕಂಪನಿ ಹೇಳುವ ಆಯುಸ್ಸು 2 ಲಕ್ಷ ಕ್ಲಿಕ್. ಎಲ್ಲವನ್ನೂ ಒಂದೇ ಬಾಡಿಯಲ್ಲಿ ಹೊಡೆದರೆ ಎರಡು ವರ್ಷ ತುಂಬುವ ಮೊದಲೇ ಮುಗಿಯಿತು. ಪರದೆ ಅಲುಗದ ಎಲೆಕ್ಟ್ರಾನಿಕ್ ಶಟರ್ ಹಾಕಿ ಉಳಿಸೋಣ ಎಂದರೆ ಹಾಲ್‌ನ ಎಲ್‌ಇಡಿ ಲೈಟಿಗೆ ಫೋಟೊದಲ್ಲಿ ಅಡ್ಡಡ್ಡ ಪಟ್ಟೆ ಬೀಳುತ್ತದೆ, ಹೆಚ್ಚಿನ ಬಾಡಿಗಳಲ್ಲಿ ಫ್ಲ್ಯಾಷ್ ಕೂಡ ಹೊಡೆಯುವುದಿಲ್ಲ. ವಿಡಿಯೊದ್ದು ಇನ್ನೊಂದು ಖರ್ಚು: 4ಕೆ ಯಲ್ಲಿ ಸೆಕೆಂಡಿಗೆ 100 ಮೆಗಾಬಿಟ್ ಇಟ್ಟರೆ ಗಂಟೆಗೆ 45 ಜಿಬಿ. ಆರು ಗಂಟೆಯ ಮದುವೆಯನ್ನು ಎರಡು ಡಿಸ್ಕ್‌ನಲ್ಲಿ ಇಟ್ಟರೆ 540 ಜಿಬಿ ತುಂಬಿತು.

ನಮ್ಮಲ್ಲಿ ಇದಕ್ಕಿಂತ ದೊಡ್ಡ ಶತ್ರು ಫಂಗಸ್. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಲೆನ್ಸ್ ಬ್ಯಾಗಿನಲ್ಲೇ ಕತ್ತಲೆಯಲ್ಲಿ ಕೂತರೆ ಒಳಗಿನ ಗಾಜಿನ ಮೇಲೆ ಜೇಡರ ಬಲೆಯಂತೆ ಬಿಳಿ ಎಳೆ ಹರಡುತ್ತದೆ. ಅದು ಕೋಟಿಂಗ್ ತಿಂದ ಮೇಲೆ ಬಿಚ್ಚಿ ತೊಳೆದರೂ ಗುರುತು ಹೋಗುವುದಿಲ್ಲ, ಮಾರಲು ಹೋದರೆ ಅರ್ಧ ಬೆಲೆಯೂ ಸಿಗದು. ಡ್ರೈ ಕ್ಯಾಬಿನೆಟ್‌ನಲ್ಲಿ ತೇವಾಂಶ 45 ರಿಂದ 50 ಶೇಕಡಾ ಇಡಿ. ಅದಿಲ್ಲದಿದ್ದರೆ ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಬಣ್ಣ ಬದಲಾಗುವ ಸಿಲಿಕಾ ಜೆಲ್, ತೇವಾಂಶ ತೋರಿಸುವ ಸಣ್ಣ ಮೀಟರ್. ಜೆಲ್‌ನ ಬಣ್ಣ ಬದಲಾದ ಕೂಡಲೇ ಬಿಸಿ ಮಾಡಿ ಒಣಗಿಸಿ. ಎಸಿ ಹಾಲ್‌ನಿಂದ ಹೊರಗೆ ಬರುವಾಗ ಕ್ಯಾಮೆರಾವನ್ನು ಬ್ಯಾಗಿನೊಳಗೇ ಅರ್ಧ ಗಂಟೆ ಬಿಟ್ಟರೆ ಗಾಜು ಮಂಜಾಗುವುದಿಲ್ಲ. ಮಲ್ಪೆ, ತಣ್ಣೀರುಬಾವಿ, ಕಾಪು ಕಡಲ ತೀರದ ಶೂಟ್ ಆದ ದಿನವೇ ಉಪ್ಪಿನ ಪಸೆಯನ್ನು ಚೂರು ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಬೇಕು, ನಾಳೆಗೆ ಇಡಬಾರದು.

ದುಡ್ಡು ನಿಲ್ಲುವುದು ಯಾವಾಗಲೂ ಆಲ್ಬಮ್ ಹಂತದಲ್ಲಿ. ಮದುಮಕ್ಕಳು ದುಬೈಗೋ ಬೆಂಗಳೂರಿಗೋ ಹೋಗುತ್ತಾರೆ, ಫೋಟೊ ಆರಿಸಲು ಪುರುಸೊತ್ತಿಲ್ಲ, ಬ್ಯಾಲೆನ್ಸ್ ವರ್ಷಗಟ್ಟಲೆ ಬಾಕಿ. ನಾನು ಬುಕಿಂಗ್‌ಗೆ 30 ಶೇಕಡಾ, ಮೆಹಂದಿ ದಿನದ ಮೊದಲು 50, ಎಡಿಟ್ ಆದ ಫೋಟೊ ಕೊಡುವಾಗ 20 ಎಂದು ಬರೆದೇ ಕೊಡುತ್ತೇನೆ. ಆಲ್ಬಮ್‌ಗೂ ಪಾವತಿಗೂ ಗಂಟು ಹಾಕುವುದಿಲ್ಲ. ಮೂರು ತಿಂಗಳೊಳಗೆ ಫೋಟೊ ಆರಿಸಿ ಕೊಡದಿದ್ದರೆ ಆಲ್ಬಮ್‌ಗೆ ಆಗಿನ ಲ್ಯಾಬ್ ರೇಟು ಎಂಬ ಸಾಲೂ ಅದರಲ್ಲಿದೆ.

ಕೊನೆಯದು ಜಿಎಸ್‌ಟಿ. ಸೇವೆಗೆ ವರ್ಷದ ವಹಿವಾಟು 20 ಲಕ್ಷ ದಾಟಿದರೆ ನೋಂದಣಿ ಕಡ್ಡಾಯ, ಫೋಟೊಗ್ರಫಿಗೆ ತೆರಿಗೆ 18 ಶೇಕಡಾ. 27 ಮದುವೆಯನ್ನು 90,000ದಂತೆ ಬಿಲ್ ಮಾಡಿದರೆ 24.3 ಲಕ್ಷ. ಉಳಿದದ್ದು ಒಂಬತ್ತೂವರೆಯಾದರೂ ಲೆಕ್ಕಕ್ಕೆ ಬರುವುದು ಪೂರ್ತಿ ಬಿಲ್. ಮದುವೆ ಮನೆಯವರು ಆ 18 ಶೇಕಡಾ ಎಲ್ಲಿಂದಲೂ ವಾಪಸ್ ಪಡೆಯುವಂತಿಲ್ಲ, ಅವರಿಗೆ 1,06,200 ಭಾರವೇ. ಅದೇ 90,000ದೊಳಗೆ ತೆರಿಗೆ ಕಟ್ಟಿದರೆ 13,700 ಚಿಲ್ಲರೆ ನಿಮ್ಮ 35,000ದಿಂದಲೇ ಹೋಗುತ್ತದೆ, ಲ್ಯಾಬ್‌ನವರು ಜಿಎಸ್‌ಟಿ ಬಿಲ್ ಕೊಟ್ಟರೆ ಸ್ವಲ್ಪ ಹಿಂದೆ ಸಿಗಬಹುದು. ವಿಡಿಯೊ ತಂಡವೇ ಪಾರ್ಟಿಯ ಜೊತೆ ನೇರವಾಗಿ ಮಾತಾಡಿ, ನೇರವಾಗಿ ಬಿಲ್ ಮಾಡಿ ಹಣ ಪಡೆಯುವುದಾದರೆ, ಅವರ 12,000 ಮತ್ತು ಎಡಿಟಿಂಗ್‌ನ 9,000 ಕಳೆದು ನಿಮ್ಮ ಬಿಲ್ 69,000 ಆಗುತ್ತದೆ, 27ಕ್ಕೆ 18.63 ಲಕ್ಷ. ಕಾಗದದ ಮೇಲೆ ಮಾತ್ರ ಬೇರೆ ಮಾಡಿ ಹಣ ನಿಮ್ಮ ಖಾತೆಗೇ ಬಂದರೆ ಅದು ನಿಲ್ಲುವುದಿಲ್ಲ. ಜನವರಿ ಕೊನೆಗೆ ಒಮ್ಮೆ ಒಟ್ಟು ಹಾಕಿ ಆಡಿಟರ್‌ಗೆ ತೋರಿಸಿ. ಮಾರ್ಚ್ 31ರೊಳಗಿನ ಆರ್ಡರ್‌ಗಳು ಆಗ ಹೆಚ್ಚುಕಡಿಮೆ ಖಚಿತವಾಗಿರುತ್ತವೆ, ಏಪ್ರಿಲ್ ಮತ್ತು ಮೇ ತಿಂಗಳ ಮದುವೆಗಳು ಮುಂದಿನ ಹಣಕಾಸು ವರ್ಷಕ್ಕೆ ಸೇರುತ್ತವೆ.