ಪುಟ್ಟ ಮಾನ್‌ಸ್ಟರ್ ಟ್ರಕ್ಕುಗಳ ಸಂಗ್ರಹ: ಶುರು ಮಾಡುವುದು, ಕಾಪಾಡುವುದು ಹೇಗೆ?

ದೈತ್ಯ ಗಾಲಿ ಹಾಕಿಕೊಂಡು ಮೈದಾನದಲ್ಲಿ ಹಳೆಯ ಕಾರುಗಳ ಮೇಲೆ ಹತ್ತಿ ಇಳಿಯುವ ಟ್ರಕ್ಕುಗಳೇ ಮಾನ್‌ಸ್ಟರ್ ಟ್ರಕ್ಕುಗಳು. ಅಂಗೈಯಲ್ಲಿ ಕೂರುವ ಅವುಗಳ ಲೋಹದ ಆಟಿಕೆಗಳು ಈಗ ನಮ್ಮ ಆಟಿಕೆ ಅಂಗಡಿಗಳಲ್ಲೂ ಸಿಗುತ್ತವೆ. ಮಗುವಿಗೆಂದು ಒಂದು ಕೊಂಡು, ಆಮೇಲೆ ತಮಗೇ ಆಸೆ ಹತ್ತಿ ಕೂಡಿಡಲು ಶುರು ಮಾಡುವ ದೊಡ್ಡವರೂ ಇದ್ದಾರೆ. ಹೊಸ ಬಣ್ಣ, ಹೊಸ ಚಿತ್ರ ಹೊತ್ತು ಇವು ಬರುತ್ತಲೇ ಇರುವುದರಿಂದ ಎಲ್ಲವನ್ನೂ ಕೊಳ್ಳಲು ಹೋದರೆ ದುಡ್ಡೂ ಸಾಲದು, ಕಪಾಟೂ ಸಾಲದು.

ಮೊದಲು ಒಂದು ಎಳೆ ಹಿಡಿಯಿರಿ

ನನ್ನ ಸಲಹೆ ಏನೆಂದರೆ, ಮೈದಾನದಲ್ಲಿ ನಿಜವಾಗಿ ಓಡಿದ ಟ್ರಕ್ಕುಗಳಿಂದ ಆರಂಭಿಸಿ. ಡೈನೊಸಾರ್, ಶಾರ್ಕ್ ಆಕಾರದವು ಮಕ್ಕಳಿಗೆ ಇಷ್ಟವೇ. ಆದರೆ ಹಿಂದೆ ಒಂದು ಕಥೆಯಿರುವ ಟ್ರಕ್ಕಿನ ಮೇಲೆ ಪ್ರೀತಿ ಬಹುಕಾಲ ಉಳಿಯುತ್ತದೆ. ಅಮೆರಿಕದ ಮಿಸೌರಿಯ ಬಾಬ್ ಚಾಂಡ್ಲರ್ ತಮ್ಮ 1974ರ ಫೋರ್ಡ್ ಪಿಕಪ್ಪಿಗೆ ದೊಡ್ಡ ದೊಡ್ಡ ಗಾಲಿ ಹಾಕಿಸುತ್ತ ಹೋಗಿ ರೂಪಿಸಿದ್ದೇ ನೀಲಿ ಬಣ್ಣದ 'ಬಿಗ್‌ಫುಟ್'. 1981ರಲ್ಲಿ ಅವರು ಅದನ್ನು ಗುಜರಿ ಕಾರುಗಳ ಮೇಲೆ ಹತ್ತಿಸಿದರು. ಈ ಆಟಕ್ಕೆ ಜನ ಮುಗಿಬೀಳತೊಡಗಿದ್ದು ಆಮೇಲೆಯೇ. ಮರುವರ್ಷ ನಾರ್ತ್ ಕ್ಯಾರೊಲೈನಾದ ಡೆನಿಸ್ ಆ್ಯಂಡರ್ಸನ್ 'ಗ್ರೇವ್ ಡಿಗ್ಗರ್' ಕಟ್ಟಿದರು. ಕೆಂಪು ಹೆಡ್‌ಲೈಟು, ಸ್ಮಶಾನದ ಚಿತ್ರ ಅದರ ಗುರುತು.

ಆಟಿಕೆ ಯಾರು ತಯಾರಿಸಿದ್ದು ಎಂಬುದೂ ಒಂದು ಎಳೆಯೇ. 'ಮಾನ್‌ಸ್ಟರ್ ಜ್ಯಾಮ್' ಪಂದ್ಯಾವಳಿಯ ಟ್ರಕ್ಕುಗಳನ್ನು ಮ್ಯಾಟೆಲ್ ಕಂಪನಿ ಹಾಟ್ ವೀಲ್ಸ್ ಹೆಸರಿನಲ್ಲಿ ತರುತ್ತಿತ್ತು. 2019ರಿಂದ ಆ ಹಕ್ಕು ಕೆನಡಾದ ಸ್ಪಿನ್ ಮಾಸ್ಟರ್ ಪಾಲಾಯಿತು. ಹಾಗಾಗಿ ಗ್ರೇವ್ ಡಿಗ್ಗರ್ ಇಬ್ಬರದ್ದೂ ಸಿಗುತ್ತದೆ. ಎರಡನ್ನೂ ಅಕ್ಕಪಕ್ಕ ಇಟ್ಟು ನೋಡುವುದೇ ಒಂದು ಸೊಗಸು.

ಅಳತೆ ನಿಗದಿ ಮಾಡಿಕೊಳ್ಳಿ

1:64 ಮತ್ತು 1:24 ಎಂಬ ಎರಡು ಅಳತೆ ಸಾಮಾನ್ಯ; ಅಂದರೆ ಆಟಿಕೆಯು ನಿಜವಾದ ಟ್ರಕ್ಕಿನ 64ನೇ ಅಥವಾ 24ನೇ ಒಂದು ಪಾಲು. ಮನೆ ಚಿಕ್ಕದಾದರೆ 1:64 ಸಾಕು. ನಿಜವಾದ ಟ್ರಕ್ಕಿನ ಟೈರು 66 ಇಂಚು ಎತ್ತರ. ಆ ಲೆಕ್ಕದಂತೆ 1:64ರ ಆಟಿಕೆಯ ಟೈರು ಒಂದು ಇಂಚಿಗಿಂತ ಕೊಂಚ ಹೆಚ್ಚಿರಬೇಕು. ಸ್ಕೇಲು ಹಿಡಿದು ನೋಡಿ, ವ್ಯತ್ಯಾಸ ಕಂಡರೆ ಅಚ್ಚರಿ ಬೇಡ. ಆಟಿಕೆಗಳಲ್ಲಿ ಈ ಅಳತೆ ಅಷ್ಟು ಕಟ್ಟುನಿಟ್ಟಲ್ಲ. ಅಂದ ಹಾಗೆ, ಮಾನ್‌ಸ್ಟರ್ ಜ್ಯಾಮ್‌ನ ನಿಜವಾದ ಟ್ರಕ್ಕುಗಳಿಗೆ ಟೈರು ಒದಗಿಸುವುದು ನಮ್ಮ ದೇಶದ್ದೇ ಕಂಪನಿ, ಬಿಕೆಟಿ.

ಹಳೆಯದನ್ನು ಕೊಳ್ಳುವಾಗ ಹೊಟ್ಟೆ ನೋಡಿ

ಪ್ಯಾಕ್ ಒಡೆದ ಟ್ರಕ್ಕನ್ನು ಕೊಳ್ಳುವುದಾದರೆ ತಿರುಗಿಸಿ ತಳ ಓದಿ. ಅಲ್ಲಿ ಅಚ್ಚಾದ ಇಸವಿ ಆ ವಿನ್ಯಾಸ ನೋಂದಾಯಿಸಿದ ವರ್ಷ, ಈ ಟ್ರಕ್ಕು ತಯಾರಾದ ವರ್ಷವಲ್ಲ. ಇದನ್ನು ತಿಳಿಯದವರು ಮೊನ್ನೆ ಮೊನ್ನೆಯ ಟ್ರಕ್ಕಿಗೆ ಹಳೆಯದರ ಬೆಲೆ ತೆರುತ್ತಾರೆ. ಹಾಟ್ ವೀಲ್ಸ್‌ನಲ್ಲಿ ತಯಾರಿಯ ಕಾಲ ತಿಳಿಯಲು ಒಂದು ಅಕ್ಷರ, ಎರಡು ಅಂಕಿಯ ಪುಟ್ಟ ಮುದ್ರೆ ಹುಡುಕಿ: ಅಕ್ಷರ ವರ್ಷಕ್ಕೆ, ಅಂಕಿ ವಾರಕ್ಕೆ. ತಳದ ಅಕ್ಷರಗಳು ಮಸುಕಾಗಿದ್ದರೆ, ಕೈಯಲ್ಲಿ ಹಿಡಿದಾಗ ತೀರಾ ಹಗುರ ಅನ್ನಿಸಿದರೆ ಬಿಟ್ಟುಬಿಡಿ. ಸಮತಟ್ಟಾದ ಗಾಜಿನ ಮೇಲೆ ಉರುಳಿಸಿ ನೋಡಿ. ಎರಡು ಗಾಲಿಗಳನ್ನು ಜೋಡಿಸುವ ಕಡ್ಡಿ, ಅಂದರೆ ಆ್ಯಕ್ಸಲ್, ಬಾಗಿದ್ದರೆ ಒಂದು ಕಡೆಗೆ ಎಳೆಯುತ್ತದೆ.

ಪ್ಯಾಕ್ ಒಡೆಯಬೇಕೆ, ಬೇಡವೇ ಎಂಬ ವಾದ ಮುಗಿಯುವಂಥದ್ದಲ್ಲ. ಒಡೆಯಿರಿ ಎನ್ನುವವನು ನಾನು. ಪ್ಯಾಕಿನ ಹಿಂಬದಿಯ ಕಾರ್ಡನ್ನು ಮಾತ್ರ ಹುಷಾರಾಗಿ ಬಿಡಿಸಿ ಫೈಲಿನಲ್ಲಿ ಇಡಿ.

ಒರೆಸುವುದು, ಇಡುವುದು

ಟ್ರಕ್ಕುಗಳು ಕೆಡುವುದು ಹೆಚ್ಚಾಗಿ ಇಲ್ಲಿಯೇ. ಇವುಗಳ ಮೈ ಸತುವಿನ ಮಿಶ್ರಲೋಹ. ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯದು. ಆದರೆ ಬಣ್ಣ ಕಿತ್ತುಹೋದ ಕಡೆ ತೇವಕ್ಕೆ ಬಿಳಿ ಪುಡಿ ಏಳುತ್ತದೆ. ಗಾಲಿಯ ಆ್ಯಕ್ಸಲ್ ಸಾಮಾನ್ಯವಾಗಿ ಉಕ್ಕಿನದು, ಅದಕ್ಕಂತೂ ತುಕ್ಕು ಹಿಡಿದೇ ಹಿಡಿಯುತ್ತದೆ. ಕರಾವಳಿ, ಮಲೆನಾಡಿನವರು ಮಳೆಗಾಲಕ್ಕೆ ಮುಂಚೆಯೇ ಮುಚ್ಚಳ ಬಿಗಿಯಾಗಿ ಕೂರುವ ಡಬ್ಬಿಯಲ್ಲಿ ಟ್ರಕ್ಕುಗಳನ್ನಿಟ್ಟು, ತೇವ ಹೀರುವ ಸಿಲಿಕಾ ಜೆಲ್ ಪೊಟ್ಟಣ ಹಾಕಿ, ತಿಂಗಳಿಗೊಮ್ಮೆ ಬದಲಿಸಿ.

ದೂಳು ತೆಗೆಯಲು ಮೆತ್ತನೆಯ ಪೇಂಟಿಂಗ್ ಬ್ರಷ್ ಸಾಕು. ಜಿಡ್ಡಿದ್ದರೆ ಪಾತ್ರೆ ತೊಳೆಯುವ ದ್ರವದ ಒಂದು ಹನಿ ಬೆರೆಸಿದ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ ಒರೆಸಿ, ಕೂಡಲೇ ಒಣಬಟ್ಟೆ ಆಡಿಸಿ. ಥಿನ್ನರ್, ನೇಲ್ ಪಾಲಿಶ್ ರಿಮೂವರ್ ಹತ್ತಿರವೂ ತರಬೇಡಿ. ಮೇಲೆ ಅಚ್ಚೊತ್ತಿದ ಚಿತ್ರವೇ ಬಟ್ಟೆಗೆ ಬಂದುಬಿಡುತ್ತದೆ.

ಮೆತ್ತನೆ ಟೈರಿನ ಟ್ರಕ್ಕುಗಳನ್ನು ಒಂದಕ್ಕೊಂದು ತಾಗಿಸಿ ಇಡಬಾರದು. ಟೈರಿನಲ್ಲಿರುವ ಎಣ್ಣೆಯಂಥ ಅಂಶ ಕಾಲಕ್ರಮೇಣ ಹೊರಬಂದು ಪಕ್ಕದ ಟ್ರಕ್ಕಿನ ಬಣ್ಣವನ್ನು ಕರಗಿಸಿ ಅಂಟಿಕೊಳ್ಳುತ್ತದೆ. ವರ್ಷಗಟ್ಟಲೆ ಒಂದೇ ಕಡೆ ನಿಲ್ಲಿಸುವುದಾದರೆ ಚಾಸಿಯ (ತಳದ ಚೌಕಟ್ಟಿನ) ಕೆಳಗೆ ರಟ್ಟಿನ ಸಣ್ಣ ಕಟ್ಟೆ ಕೊಟ್ಟು ಗಾಲಿ ಕೂದಲೆಳೆಯಷ್ಟು ಮೇಲಿರುವಂತೆ ನೋಡಿಕೊಳ್ಳಿ. ಬಿಸಿಲು ಬೀಳುವ ಕಿಟಕಿಯ ಎದುರು ಬೇಡವೇ ಬೇಡ, ಕೆಂಪು ಬಣ್ಣ ಬೇಗ ಮಾಸುತ್ತದೆ.

ಪಟ್ಟಿ ಬರೆದಿಡಿ

ಹೆಸರು, ತಯಾರಕರು, ತಳದ ಇಸವಿ ಮತ್ತು ಮುದ್ರೆ, ಕೊಂಡ ದಿನ, ಕೊಟ್ಟ ಬೆಲೆ, ಸಣ್ಣಪುಟ್ಟ ಗೀರು, ಇಷ್ಟನ್ನೂ ಬರೆಯಿರಿ. ಮೇಲಿಂದ ಒಂದು, ತಳದಿಂದ ಒಂದು ಫೋಟೊ ತೆಗೆದು ಮೊಬೈಲಿನಲ್ಲಿ ಇಟ್ಟುಕೊಳ್ಳಿ. ಅಂಗಡಿಯಲ್ಲಿ ನಿಂತಾಗ ಇದು ಮನೆಯಲ್ಲಿದೆಯೋ ಇಲ್ಲವೋ ಎಂದು ತಡಕಾಡಬೇಕಿಲ್ಲ. ಬೇರೆ ಸಂಗ್ರಾಹಕರೊಡನೆ ಅದಲುಬದಲು ಮಾಡುವಾಗಲೂ ಎರಡೆರಡು ಇರುವವು ಯಾವುವೆಂದು ಥಟ್ಟನೆ ತೋರಿಸಬಹುದು.